ಮಿದುಳಿಗೆ ಟಕಟಕ, ಜೊತೆಗೊಂದು ಮಾತ್ರೆ: ಬಿಪಿಡಿ ಪ್ರಯೋಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಬಿಪಿಡಿ) ಎಂಬ ಮನಸ್ಸಿನ ಕಾಯಿಲೆ ಇರುವವರು, ಅವರ ಮನೆಯವರು, ಒಬ್ಬಿಬ್ಬರು ನರ್ಸಿಂಗ್ ವಿದ್ಯಾರ್ಥಿಗಳು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ತಲೆಯ ಹೊರಗಿನಿಂದ ಮಿದುಳಿಗೆ ಅಯಸ್ಕಾಂತದ ಮಿಡಿತ ಕೊಟ್ಟು, ಅದಕ್ಕೆ ನೆರವಾಗಲೆಂದು ಜೊತೆಗೊಂದು ಮಾತ್ರೆ ಕೊಡುವ ಯೋಚನೆಯ ಸುತ್ತ ಹುಟ್ಟಿದವು. ಅವರು ಕೇಳಿದ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ನಾನು ವೈದ್ಯನಲ್ಲ. ಸಂಶೋಧನೆಯ ಬರಹಗಳನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ. ಯಾವ ಮಾತ್ರೆ ಶುರು ಮಾಡುವುದಿದ್ದರೂ ನಿಲ್ಲಿಸುವುದಿದ್ದರೂ ನಿಮ್ಮ ವೈದ್ಯರನ್ನು ಕೇಳಿ.

## ಮೊದಲು ತಿಳಿಯಬೇಕಾದದ್ದು

ಬಾರ್ಡರ್‌ಲೈನ್ ಅಂದ್ರೆ ಕಾಯಿಲೆ ಇನ್ನೂ ಪೂರ್ತಿ ಬಂದಿಲ್ಲ ಅಂತ ತಾನೆ? ಬಾರ್ಡರ್‌ಲೈನ್ ಶುಗರ್ ಅಂತಾರಲ್ಲ, ಹಾಗೆ?

ಅಲ್ಲ. ತಕರಾರೆಲ್ಲ ಆ ಹೆಸರಿನದ್ದು. 1938ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಈ ಪದ ಬಳಸಿದಾಗ, ನ್ಯೂರೋಸಿಸ್ (ಆತಂಕದಂಥ ತೊಂದರೆ) ಮತ್ತು ಸೈಕೋಸಿಸ್ (ವಾಸ್ತವದ ಅರಿವೇ ತಪ್ಪುವುದು) ಎರಡರ ಗಡಿಯಲ್ಲಿ ಇರುವವರು ಎಂಬ ಅರ್ಥವಿತ್ತು. ಆ ಲೆಕ್ಕಾಚಾರ ಹಳತಾಯಿತು, ಹೆಸರು ಮಾತ್ರ ಉಳಿದುಕೊಂಡಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ಸೇರಿತು. ಈಗಿನ ಕೈಪಿಡಿಯ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು: ಬಿಟ್ಟುಹೋಗುತ್ತಾರೆಂಬ ತಡೆಯಲಾಗದ ಭಯ, ಸಂಬಂಧಗಳಲ್ಲಿ ಏರಿಳಿತ, ತಾನು ಯಾರೆಂಬ ಅರಿವೇ ಒಂದು ಕಡೆ ಗಟ್ಟಿಯಾಗಿ ನಿಲ್ಲದಿರುವುದು, ದುಡುಕು, ತನ್ನನ್ನೇ ನೋಯಿಸಿಕೊಳ್ಳುವುದು, ಗಂಟೆಗೊಮ್ಮೆ ಬದಲಾಗುವ ಭಾವನೆ, ಒಳಗೆಲ್ಲ ಖಾಲಿಖಾಲಿ, ಹಿಡಿತಕ್ಕೆ ಸಿಗದ ಸಿಟ್ಟು, ಒತ್ತಡ ಹೆಚ್ಚಾದಾಗ ಸಂಶಯ ಅಥವಾ ತನ್ನಿಂದ ತಾನೇ ದೂರ ನಿಂತಂಥ ಅನುಭವ.

ಬೆಳಿಗ್ಗೆ “ನೀನಿಲ್ಲದೆ ನಾನಿಲ್ಲ” ಅಂದವಳು, ಕಳಿಸಿದ ಮೆಸೇಜಿಗೆ ಅರ್ಧ ಗಂಟೆ ಉತ್ತರ ಬರಲಿಲ್ಲವೆಂದು ಮಧ್ಯಾಹ್ನದೊಳಗೆ ನಂಬರ್ ಬ್ಲಾಕ್ ಮಾಡಿ, ಸಂಜೆ ತನ್ನ ಮೇಲೇ ಹೇಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ. ಮನೆಯವರಿಗೆ ಅದು ಹಟವಾಗಿ ಕಾಣುತ್ತದೆ. ಒಳಗಿರುವವಳಿಗೆ ಅದು ಸುಟ್ಟ ಚರ್ಮದ ಮೇಲೆ ಬಟ್ಟೆ ತಾಗಿದ ಹಾಗೆ. (ಬಿಪಿಡಿ ಅಂದಾಗ “ಈ ವಯಸ್ಸಿಗೇ ಬಿಪಿ ಬಂತಾ?” ಎಂದು ಕೇಳುವ ದೊಡ್ಡಮ್ಮಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.)

ಇದು ಜೀವನಪೂರ್ತಿ ಹೀಗೇನಾ?

ಹಾಗೆಂದು ನಂಬಿದ್ದ ಕಾಲವೊಂದಿತ್ತು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜಾನರೀನಿ ಮತ್ತು ಸಂಗಡಿಗರು 290 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹತ್ತು ವರ್ಷದೊಳಗೆ 93 ಶೇಕಡಾ ಜನರಲ್ಲಿ ಲಕ್ಷಣಗಳು ಕಡಿಮೆಯಾಗಿ, ಕನಿಷ್ಠ ಎರಡು ವರ್ಷ ಹಾಗೇ ಉಳಿದಿದ್ದವು. ಆದರೆ ಕೆಲಸ, ಸ್ನೇಹ, ಸಂಸಾರ ಎಲ್ಲವೂ ದಾರಿಗೆ ಬಂದವರು ಅರ್ಧದಷ್ಟು ಮಾತ್ರ. ಮಗಳು ಇನ್ನೆಂದೂ ಸರಿಹೋಗುವುದಿಲ್ಲ ಅನ್ನುವವರಿಗೆ ನಾನು ಮೊದಲನೆಯ ಅಂಕಿ ಹೇಳುತ್ತೇನೆ, ತಾನಾಗೇ ಹೋಗುತ್ತೆ ಬಿಡಿ ಅನ್ನುವವರಿಗೆ ಎರಡನೆಯದು.

ಬಿಪಿಡಿಗೆ ಮಾತ್ರೆನೇ ಇಲ್ಲವಂತೆ. ಹಾಗಾದ್ರೆ ನನ್ನ ಮಗಳು ದಿನಾ ನುಂಗ್ತಿರೋ ನಾಲ್ಕು ಮಾತ್ರೆ ಏತಕ್ಕೆ?

ಬಿಪಿಡಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಒಂದು ಔಷಧವೂ ಇಲ್ಲ. ಈ ಕಾಯಿಲೆಗೆಂದೇ ಔಷಧ ಕೊಡಬೇಡಿ ಎಂದು ಇಂಗ್ಲೆಂಡಿನಲ್ಲಿ ವೈದ್ಯರಿಗೆ ದಾರಿ ತೋರಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ 2009ರಲ್ಲೇ ಹೇಳಿತು. ಆದರೂ ಮಾತ್ರೆ ಬರೆಯುವುದಕ್ಕೆ ಕಾರಣವಿದೆ. ಜೊತೆಗೆ ಖಿನ್ನತೆ ಇರುತ್ತದೆ, ಆತಂಕ ಇರುತ್ತದೆ, ನಿದ್ದೆ ಇರುವುದಿಲ್ಲ. ಒಂದೊಂದಕ್ಕೆ ಒಂದೊಂದು ಸೇರುತ್ತಾ ಪಟ್ಟಿ ಉದ್ದವಾಗುತ್ತದೆ, ಹಳೆಯದನ್ನು ತೆಗೆಯುವ ಧೈರ್ಯ ಯಾರಿಗೂ ಬರುವುದಿಲ್ಲ.

ಲ್ಯಾಮೋಟ್ರಿಜಿನ್ ಕತೆ ಕೇಳಿ. ಮೂಡ್ ಹತೋಟಿಗೆ ಬರುತ್ತದೆಂದು ವರ್ಷಗಟ್ಟಲೆ ಬರೆಯುತ್ತಿದ್ದ ಮಾತ್ರೆ ಅದು. ಇಂಗ್ಲೆಂಡಿನಲ್ಲಿ 276 ಜನರ ಮೇಲೆ ಒಂದು ವರ್ಷ ಸರಿಯಾಗಿ ಪರೀಕ್ಷಿಸಿ ನೋಡಿದರು. 2018ರಲ್ಲಿ ಫಲಿತಾಂಶ ಬಂದಾಗ ಸಕ್ಕರೆ ಮಾತ್ರೆಗೂ (ಹೋಲಿಸಿ ನೋಡಲು ಕೊಡುವ, ಔಷಧವಿಲ್ಲದ ಹುಸಿ ಮಾತ್ರೆ) ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಇದನ್ನೋದಿ ಯಾವ ಮಾತ್ರೆಯನ್ನೂ ದಿಢೀರನೆ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ “ಇದು ಯಾವುದಕ್ಕೆ, ಎಷ್ಟು ದಿನ?” ಎಂದು ಒಂದೊಂದನ್ನೂ ತೋರಿಸಿ ಕೇಳಿ.

ಮಿದುಳಿಗೆ ಪ್ರಚೋದನೆ ಅಂದ್ರೆ ಅದೇ ಕರೆಂಟ್ ಕೊಡೋದು ಅಲ್ವಾ?

ಮೂರು ಬೇರೆ ಬೇರೆ ಚಿಕಿತ್ಸೆಗಳು ಈ ಒಂದೇ ಮಾತಿನಲ್ಲಿ ಕಲಸಿಹೋಗಿವೆ.

ಜನ “ಕರೆಂಟ್” ಅನ್ನುವುದು ಇಸಿಟಿ. 1938ರಲ್ಲಿ ರೋಮ್‌ನಲ್ಲಿ ಶುರುವಾದದ್ದು. ವಿದ್ಯುತ್ ಕೊಟ್ಟು ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಇದನ್ನು ಮಾಡುವಂತಿಲ್ಲ. ಎರಡನೆಯದು ಟಿಎಂಎಸ್: ತಲೆಯ ಹೊರಗೆ ಹಿಡಿದ ತಂತಿಸುರುಳಿ, ಅಂದರೆ ಕಾಯಿಲ್‌ನಿಂದ ಅಯಸ್ಕಾಂತದ ಮಿಡಿತ ಕಳಿಸುವುದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ 1985ರಲ್ಲಿ ತೋರಿಸಿದ್ದು ಇದನ್ನು. ಫಿಟ್ಸ್ ಬರಬಾರದು, ಅರಿವಳಿಕೆ ಬೇಡ. ಮೂರನೆಯದು ಟಿಡಿಸಿಎಸ್: ಒದ್ದೆ ಸ್ಪಂಜು ಇಟ್ಟು ಒಂದೆರಡು ಮಿಲಿಆಂಪಿಯರ್‌ನಷ್ಟು ಸಣ್ಣ ವಿದ್ಯುತ್ತನ್ನು ಸುಮಾರು ಇಪ್ಪತ್ತು ನಿಮಿಷ ಹರಿಸುವುದು. ಕೊನೆಯ ಎರಡರ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಬಹಳ ಕೆಲಸ ನಡೆದಿದೆ. ಈ ಬರಹದ ಮುಂದಿನ ಮಾತೆಲ್ಲ ಹೆಚ್ಚಾಗಿ ಟಿಎಂಎಸ್ ಬಗ್ಗೆ.

ಆ ಕುರ್ಚಿಯಲ್ಲಿ ಕೂತಾಗ ನಿಜವಾಗಿ ಏನಾಗುತ್ತೆ? ನೋವಾಗುತ್ತಾ?

ದಂತವೈದ್ಯರ ಕುರ್ಚಿಯಂಥದ್ದೇ ಒಂದು ಕುರ್ಚಿ. ಕಿವಿಗೆ ಇಯರ್‌ಪ್ಲಗ್. ಓಲೆ, ಹೇರ್‌ಪಿನ್ ಎಲ್ಲ ತೆಗೆದಿಡಬೇಕು. ತಲೆಯ ಅಳತೆ ತೆಗೆದು, ಟೊಪ್ಪಿಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮೊದಲ ದಿನ ಎಂಟರ ಆಕಾರದ ಕಾಯಿಲ್ಲನ್ನು ತಲೆಯ ಒಂದು ಬದಿಗೆ ಇಟ್ಟು, ಮಿಡಿತದ ಬಲವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಒಂದು ಹಂತಕ್ಕೆ ಬಂದಾಗ ನೀವು ಅಲ್ಲಾಡಿಸದೆಯೇ ನಿಮ್ಮ ಹೆಬ್ಬೆರಳು ಪಟ್ಟನೆ ಕುಣಿಯುತ್ತದೆ. ಬಹಳ ಜನ ಆಗ ನಗುತ್ತಾರೆ. ಆ ಬಲವೇ ನಿಮ್ಮ ಅಳತೆ, ಮುಂದಿನ ಡೋಸ್ ಅದರ ಮೇಲೆ ನಿಂತಿದೆ.

ಆಮೇಲೆ ಕಾಯಿಲ್ ಹಣೆಯ ಕಡೆಗೆ ಸರಿಯುತ್ತದೆ. ಥೀಟಾ ಬರ್ಸ್ಟ್ ಎಂಬ ಬಗೆಯಲ್ಲಿ ಎರಡು ಸೆಕೆಂಡು ಮಿಡಿತ, ಎಂಟು ಸೆಕೆಂಡು ಬಿಡುವು, ಹೀಗೆ ಇಪ್ಪತ್ತು ಸಲ. ಒಟ್ಟು 600 ಮಿಡಿತ, ಮೂರು ನಿಮಿಷ ಚಿಲ್ಲರೆ. ಮರಕುಟಿಗ ತಲೆಯ ಮೇಲೇ ಕೂತು ಕುಟ್ಟಿದ ಹಾಗೆ ಇರುತ್ತದೆ. ಹುಬ್ಬು ಅದುರಬಹುದು, ಹಲ್ಲು ಜುಮ್ಮೆನ್ನಬಹುದು, ಮೊದಲ ವಾರ ತಲೆನೋವು ಸಾಮಾನ್ಯ. ಫಿಟ್ಸ್ ಬರುವ ಅಪಾಯ ಇದೆ, ಆದರೆ ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಇದು ಆಗದು.

## ಸ್ವಲ್ಪ ಒಳಗೆ

ಮಿದುಳು ಅಷ್ಟು ದೊಡ್ಡದಿದೆ. ಹಣೆ ಹತ್ರಾನೇ ಯಾಕೆ ಕೊಡ್ತಾರೆ?

ಭಯ, ಸಿಟ್ಟುಗಳಿಗೆ ಗಂಟೆ ಬಾರಿಸುವ ಅಮಿಗ್ಡಲಾ ಮಿದುಳಿನ ಆಳದಲ್ಲಿದೆ. ಬಿಪಿಡಿ ಇರುವವರಲ್ಲಿ ಅದು ಬೇಗ ಮತ್ತು ಜೋರಾಗಿ ಬಾರಿಸುತ್ತದೆ ಎಂದು ಹಲವು ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಸಾಮಾನ್ಯ ಕಾಯಿಲ್‌ನ ಮಿಡಿತ ಎರಡು ಮೂರು ಸೆಂಟಿಮೀಟರ್‌ಗಿಂತ ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಅಮಿಗ್ಡಲಾವನ್ನು ನೇರವಾಗಿ ಮುಟ್ಟಲಾಗದು. ಅದನ್ನು ಹತೋಟಿಯಲ್ಲಿಡಲು ನೆರವಾಗುವ ಜಾಲದ ಒಂದು ಭಾಗ ಹಣೆಯ ಹಿಂದೆ, ಕೈಗೆಟಕುವಲ್ಲಿದೆ. ಅದಕ್ಕೇ ಅಲ್ಲಿ. ಎಡವೋ ಬಲವೋ ನಡುವೋ ಎಂಬುದರಲ್ಲಿ ತಜ್ಞರಲ್ಲೇ ಇನ್ನೂ ಒಮ್ಮತ ಬಂದಿಲ್ಲ.

ಬರೀ ಟಿಎಂಎಸ್ ಕೊಟ್ರೆ ಬಿಪಿಡಿ ಕಡಿಮೆಯಾಗುತ್ತಾ? ನೇರವಾಗಿ ಹೇಳಿ.

ನೇರವಾಗಿ ಹೇಳುವಷ್ಟು ಸಾಕ್ಷ್ಯ ಇಲ್ಲ. ಖಿನ್ನತೆಗೆ ಟಿಎಂಎಸ್ ಯಂತ್ರವನ್ನು ಎಫ್‌ಡಿಎ 2008ರಲ್ಲೇ ಒಪ್ಪಿತು, ಒಸಿಡಿ ಎಂಬ ಗೀಳು ಕಾಯಿಲೆಗೆ 2018ರಲ್ಲಿ. ಬಿಪಿಡಿಯ ಅಧ್ಯಯನಗಳೋ, ಹತ್ತು ಜನ, ಇಪ್ಪತ್ತು ಮೂವತ್ತು ಜನರವು. ಮೆಕ್ಸಿಕೊದಲ್ಲಿ 29 ಜನರಿಗೆ ಹದಿನೈದು ಸೆಷನ್ ಕೊಟ್ಟ ಒಂದು ಅಧ್ಯಯನ 2018ರಲ್ಲಿ ಬಂತು. ಕೆಲವರಿಗೆ ಬಲಭಾಗದಲ್ಲಿ ನಿಧಾನದ ಮಿಡಿತ, ಕೆಲವರಿಗೆ ಎಡಭಾಗದಲ್ಲಿ ವೇಗದ ಮಿಡಿತ. ಎರಡು ಗುಂಪಿನಲ್ಲೂ ದುಡುಕು, ಸಿಟ್ಟು, ಆತಂಕ ಇಳಿದವು. ಕೇಳಲು ಚೆನ್ನಾಗಿದೆ. ಆದರೆ ಸದ್ದು ಮಾತ್ರ ಮಾಡಿ ಮಿಡಿತ ಕಳಿಸದ ಸುಳ್ಳು ಕಾಯಿಲ್ ಇಟ್ಟ ಮೂರನೆಯ ಗುಂಪೇ ಅಲ್ಲಿ ಇರಲಿಲ್ಲ. ಮೂರು ವಾರ ದಿನಾ ಬಂದು, ಹೆಸರು ಹಿಡಿದು ಮಾತಾಡಿಸುವ ಸಿಬ್ಬಂದಿಯ ಎದುರು ಕೂತದ್ದರಿಂದಲೇ ಎಷ್ಟು ಇಳಿಯಿತು? ಬಿಪಿಡಿಯಲ್ಲಿ ಈ ಪ್ರಶ್ನೆ ಬೇರೆ ಕಾಯಿಲೆಗಳಿಗಿಂತ ಹೆಚ್ಚು ಕಾಡುತ್ತದೆ, ಯಾಕೆಂದರೆ ಒಬ್ಬರು ತಪ್ಪದೆ ಕಾದಿರುತ್ತಾರೆ ಎಂಬುದೇ ಇಲ್ಲಿ ಔಷಧದ ಹಾಗೆ ಕೆಲಸ ಮಾಡುತ್ತದೆ.

ಟಿಬಿ ಮಾತ್ರೆ ಕೊಟ್ಟು ಮಿದುಳಿಗೆ ಟಿಎಂಎಸ್ ಮಾಡ್ತಾರಂತೆ. ಯಾರೋ ತಮಾಷೆ ಮಾಡಿದ್ರೋ, ನಿಜಾನೋ?

ನಿಜ. ಮಾತ್ರೆಯ ಹೆಸರು ಡಿ-ಸೈಕ್ಲೋಸೆರಿನ್. ಮಾಮೂಲಿ ಔಷಧಕ್ಕೆ ಬಗ್ಗದ ಟಿಬಿಗೆ ನಮ್ಮಲ್ಲೂ ಕೊಡುವ ಹಳೆಯ ಔಷಧ. 1959ರಲ್ಲೇ ಜಾರ್ಜ್ ಕ್ರೇನ್ ಎಂಬ ವೈದ್ಯರು, ಇದನ್ನು ತೆಗೆದುಕೊಳ್ಳುತ್ತಿದ್ದ ಟಿಬಿ ರೋಗಿಗಳ ಮನಸ್ಸಿನ ಭಾರ ಇಳಿಯುವುದನ್ನು ಗಮನಿಸಿ ಬರೆದಿದ್ದರು.

ಇದರ ಕೆಲಸ ಹೀಗೆ. ಎರಡು ನರಕೋಶಗಳು ಒಟ್ಟಿಗೆ ಮತ್ತೆ ಮತ್ತೆ ಮಿಡಿದಾಗ ಅವುಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ. ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು 1973ರಲ್ಲಿ ಮೊಲದ ಮಿದುಳಿನಲ್ಲಿ ಇದನ್ನು ತೋರಿಸಿದರು. ಕೊಂಡಿ ಗಟ್ಟಿಯಾಗಲು ಎನ್‌ಎಂಡಿಎ ಎಂಬ ಗ್ರಾಹಕ (ರಿಸೆಪ್ಟರ್, ನರಕೋಶ ಸಂಕೇತ ಹಿಡಿಯುವ ಬಾಗಿಲು) ತೆರೆಯಬೇಕು. ಆ ಗ್ರಾಹಕವನ್ನು ಮುಚ್ಚುವ ಮೆಮಾಂಟಿನ್ ಮಾತ್ರೆ ಕೊಟ್ಟು ಥೀಟಾ ಬರ್ಸ್ಟ್ ಮಾಡಿದಾಗ ಅದರ ಪರಿಣಾಮವೇ ಉಳಿಯಲಿಲ್ಲ ಎಂದು 2007ರ ಒಂದು ಪ್ರಯೋಗ ಹೇಳಿತು. ಡಿ-ಸೈಕ್ಲೋಸೆರಿನ್ ತದ್ವಿರುದ್ಧ, ಗ್ರಾಹಕಕ್ಕೆ ಸ್ವಲ್ಪ ಒತ್ತಾಸೆ ಕೊಡುತ್ತದೆ. ಹೆಪ್ಪು ಹಾಕುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಾಲು ಇಲ್ಲದೆ ಬರೀ ಹೆಪ್ಪಿಟ್ಟರೆ ಮೊಸರಾಗದು. ಹಾಲು ಉಗುರುಬೆಚ್ಚಗಿರುವಾಗಲೇ ಹೆಪ್ಪು ಬೀಳಬೇಕು. ಈ ಮಾತ್ರೆಯೂ ಸೆಷನ್‌ಗೆ ಮುಂಚೆ ಹೊಟ್ಟೆಗಿಳಿಯಬೇಕು, ಮನೆಗೆ ಹೋಗಿ ಮಲಗುವಾಗ ಅಲ್ಲ. ಕಾಯಿಲೆಗೆ ಕೊಡುವ ಮದ್ದಲ್ಲ ಇದು, ಮಿಡಿತದ ಕೆಲಸ ಉಳಿದುಕೊಳ್ಳಲಿ ಎಂದು ಕೊಡುವ ಹೆಪ್ಪು.

ಇದು ಯಾರಿಗಾದ್ರೂ ಕೆಲಸ ಮಾಡಿದೆಯಾ?

ಖಿನ್ನತೆಯಲ್ಲಿ, ಒಂದು ಊರಿನಲ್ಲಿ, 50 ಜನರ ಒಂದು ಪ್ರಯೋಗದಲ್ಲಿ ಮಾಡಿದೆ. ಕೆನಡಾದ ಕ್ಯಾಲ್ಗರಿಯ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗ. ಎಲ್ಲರಿಗೂ ನಾಲ್ಕು ವಾರ ನಿಜವಾದ ಥೀಟಾ ಬರ್ಸ್ಟ್. ಮೊದಲ ಎರಡು ವಾರ 25 ಜನರಿಗೆ 100 ಮಿಲಿಗ್ರಾಂ ಡಿ-ಸೈಕ್ಲೋಸೆರಿನ್, ಉಳಿದ 25 ಜನರಿಗೆ ಸಕ್ಕರೆ ಮಾತ್ರೆ. ಕೊನೆಗೆ ಮಾತ್ರೆಯ ಗುಂಪಿನಲ್ಲಿ 73.9 ಶೇಕಡಾ ಜನರಿಗೆ ಖಿನ್ನತೆ ಅರ್ಧಕ್ಕರ್ಧ ಇಳಿದಿತ್ತು, ಇನ್ನೊಂದರಲ್ಲಿ 29.3 ಶೇಕಡಾ.

ದೊಡ್ಡ ಅಂತರ ಇದು. ನನಗಂತೂ ಇಷ್ಟು ದೊಡ್ಡ ಅಂತರ ಕಂಡಾಗ ಖುಷಿಗಿಂತ ಮೊದಲು ಅನುಮಾನ ಬರುತ್ತದೆ. ಐವತ್ತು ಜನರ ಪ್ರಯೋಗದಲ್ಲಿ ಮೂರು ನಾಲ್ಕು ಜನ ಆಚೀಚೆಯಾದರೂ ಅಂಕಿ ಬಹಳ ಜಿಗಿಯುತ್ತದೆ. ಬೇರೆ ಊರುಗಳಲ್ಲಿ, ಹೆಚ್ಚು ಜನರಲ್ಲಿ ಇದೇ ಕಂಡರೆ ಆಗ ಮಾತು ಬೇರೆ.

ಡಿಪ್ರೆಶನ್‌ಗೆ ಆಗಿದ್ದು ಬಿಪಿಡಿಗೂ ಆಗಬೇಕಲ್ವಾ? ಎರಡೂ ಮನಸ್ಸಿನದ್ದೇ.

ಹಾಗೆ ಸಲೀಸಾಗಿ ದಾಟುವುದಿಲ್ಲ. ಖಿನ್ನತೆ ವಾರಗಟ್ಟಲೆ ಒಂದೇ ಮೋಡ ಕವಿದ ಹಾಗೆ. ಬಿಪಿಡಿ ಒಂದೇ ದಿನದಲ್ಲಿ ಬಿಸಿಲು, ಆಲಿಕಲ್ಲು, ಮತ್ತೆ ಬಿಸಿಲು, ಅದೂ ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ. ಇನ್ನೊಂದು ಭಯವೂ ಇದೆ. ಈ ಹೆಪ್ಪು ಒಳ್ಳೆಯ ಅನುಭವವೋ ಕೆಟ್ಟದ್ದೋ ನೋಡುವುದಿಲ್ಲ, ಎರಡನ್ನೂ ಗಟ್ಟಿ ಮಾಡಬಹುದು. 2004ರಲ್ಲಿ ಅಮೆರಿಕದಲ್ಲಿ, ಎತ್ತರಕ್ಕೆ ಹೆದರುವವರಿಗೆ ಇದೇ ಮಾತ್ರೆ ಕೊಟ್ಟು ಕಂಪ್ಯೂಟರ್‌ನ ಗಾಜಿನ ಲಿಫ್ಟ್‌ನಲ್ಲಿ ಮೇಲೆ ಹತ್ತಿಸಿದಾಗ ಭಯ ಬೇಗ ಇಳಿದಿತ್ತು. ಆಮೇಲಿನ ಪ್ರಯೋಗಗಳಲ್ಲಿ ಕಂಡದ್ದು: ಸೆಷನ್ ಚೆನ್ನಾಗಿ ಮುಗಿದವರಿಗೆ ಮಾತ್ರೆಯಿಂದ ಲಾಭ, ಭಯದಲ್ಲೇ ಮುಗಿದವರಿಗೆ ಲಾಭವಿಲ್ಲ, ಕೆಲವರಲ್ಲಿ ಭಯವೇ ಗಟ್ಟಿಯಾಯಿತು. ಕುರ್ಚಿಗೆ ಬರುವ ಮೊದಲು ಬಸ್ಸಿನಲ್ಲಿ ಗಂಡನ ಜೊತೆ ಜಗಳವಾಡಿ ಬಂದವಳಲ್ಲಿ ಯಾವುದು ಗಟ್ಟಿಯಾಗುತ್ತದೆ? ಬಿಪಿಡಿಯ ಪ್ರಯೋಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮೆಡಿಕಲ್ ಸ್ಟೋರಲ್ಲಿ ಆ ಮಾತ್ರೆ ಸಿಕ್ಕಿದ್ರೆ ನಾವೇ ತಗೊಂಡು ಟಿಎಂಎಸ್‌ಗೆ ಹೋದ್ರೆ?

ದಯವಿಟ್ಟು ಬೇಡ. ಟಿಬಿಗೆ ಕೊಡುವ ಡೋಸ್ ದಿನಕ್ಕೆ 500ರಿಂದ 1000 ಮಿಲಿಗ್ರಾಂ. ಆ ಪ್ರಮಾಣದಲ್ಲಿ ಇದೇ ಮಾತ್ರೆ ಖಿನ್ನತೆ, ಭ್ರಮೆ, ಆತ್ಮಹತ್ಯೆಯ ಯೋಚನೆ, ಫಿಟ್ಸ್ ತರಬಲ್ಲದು. ಖಿನ್ನತೆ, ಫಿಟ್ಸ್, ಕಿಡ್ನಿ ತೊಂದರೆ ಇರುವವರಿಗೆ ಕೊಡಬಾರದೆಂದು ಅದರ ಚೀಟಿಯಲ್ಲೇ ಬರೆದಿದೆ. ಕುಡಿತದ ಜೊತೆ ಇನ್ನೂ ಅಪಾಯ. ಪ್ರಯೋಗದವರು ಅದರ ಐದನೇ ಒಂದರಿಂದ ಹತ್ತನೇ ಒಂದರಷ್ಟು ಡೋಸನ್ನು ಎರಡೇ ವಾರ ಕೊಟ್ಟರು. ಟಿಬಿ ರೋಗಿಯೊಬ್ಬರ ಪಾಲಿನ ಮಾತ್ರೆ ಅದು ಎಂಬುದೂ ನೆನಪಿರಲಿ.

ಈಗ ತಗೊಳ್ತಿರೋ ನಿದ್ದೆ ಮಾತ್ರೆ ಟಿಎಂಎಸ್‌ಗೆ ಅಡ್ಡ ಬರುತ್ತಾ?

ಬರಬಹುದು. ಕ್ಲೋನಾಜೆಪಾಮ್, ಲೋರಾಜೆಪಾಮ್ ಜಾತಿಯ ಮಾತ್ರೆಗಳು ನರಗಳ ಮಿಡಿತವನ್ನೇ ತಗ್ಗಿಸುತ್ತವೆ. ಖಿನ್ನತೆಗೆ ಟಿಎಂಎಸ್ ಪಡೆದವರಲ್ಲಿ ಇವನ್ನು ನುಂಗುತ್ತಿದ್ದವರಿಗೆ ಲಾಭ ಕಡಿಮೆ ಎಂದು 2019ರ ಒಂದು ಅಮೆರಿಕನ್ ಅಧ್ಯಯನ ಕಂಡಿತು. ಬುಪ್ರೊಪಿಯಾನ್, ಕ್ಲೋಜಪೈನ್‌ನಂಥವು ಫಿಟ್ಸ್ ಅಪಾಯವನ್ನು ಏರಿಸುತ್ತವೆ. ಮಾತ್ರೆ ಚೀಟಿ ಪೂರ್ತಿ ತೋರಿಸಿ, ಆಯುರ್ವೇದದ್ದೂ ಸೇರಿಸಿ. ಕ್ಲೋನಾಜೆಪಾಮ್ ದಿಢೀರನೆ ಬಿಟ್ಟರೆ ಅದರಿಂದಲೇ ಫಿಟ್ಸ್ ಬರಬಹುದು.

## ಪ್ರಯೋಗ ನಡೆಯುವ ಬಗೆ

ಸುಳ್ಳು ಕಾಯಿಲ್ ಇಟ್ಟು ಮೋಸ ಮಾಡ್ತಾರಂತಲ್ಲ, ಇದು ಸರೀನಾ?

ನೀವು ಒಪ್ಪಿ ಸಹಿ ಹಾಕುವ ಮೊದಲೇ “ನಿಮಗೆ ಸುಳ್ಳು ಕಾಯಿಲ್ ಬರಬಹುದು” ಎಂದು ಹೇಳಿರುತ್ತಾರೆ. ಹೇಳದಿದ್ದರೆ ಅದು ಮೋಸ. ಸುಳ್ಳು ಕಾಯಿಲ್ಲೂ ಟಕಟಕ ಅನ್ನುತ್ತದೆ, ಕೆಲವು ಚರ್ಮವನ್ನೂ ಚುರುಗುಟ್ಟಿಸುತ್ತವೆ. ಆದರೂ ಜನ ಪತ್ತೆ ಹಚ್ಚುತ್ತಾರೆ. ಅದಕ್ಕೇ ಒಳ್ಳೆಯ ಪ್ರಯೋಗದವರು ಕೊನೆಯಲ್ಲಿ “ನಿಮಗೆ ಯಾವುದು ಸಿಕ್ಕಿತು ಅನ್ನಿಸುತ್ತೆ?” ಎಂದು ಕೇಳಿ ಬರೆದಿಡುತ್ತಾರೆ.

ಮಾತ್ರೆ, ಟಿಎಂಎಸ್ ಎರಡನ್ನೂ ಕೊಟ್ಟು ನೋಡಿದ್ರೆ ಆಯ್ತಲ್ಲ. ನಾಲ್ಕು ಗುಂಪು ಯಾಕೆ?

ನಿಜ ಮಿಡಿತ ಮತ್ತು ನಿಜ ಮಾತ್ರೆ, ನಿಜ ಮಿಡಿತ ಮತ್ತು ಸಕ್ಕರೆ ಮಾತ್ರೆ, ಸುಳ್ಳು ಮಿಡಿತ ಮತ್ತು ನಿಜ ಮಾತ್ರೆ, ಎರಡೂ ಸುಳ್ಳು. ನಾಲ್ಕೂ ಇದ್ದಾಗ ಮಾತ್ರ ಯಾವುದು ಯಾವುದರಿಂದ ಆಯಿತೆಂದು ಬಿಡಿಸಬಹುದು. ಹೆಪ್ಪಿನ ಮಾತು ನಿಜವಾದರೆ ಮೂರನೆಯ ಗುಂಪಿನಲ್ಲಿ ಹೆಚ್ಚೇನೂ ಆಗಬಾರದು. ಅಲ್ಲೂ ಗುಣ ಕಂಡರೆ ಮಾತ್ರೆಯೇ ಕೆಲಸ ಮಾಡುತ್ತಿದೆ, ಯಂತ್ರದ ಖರ್ಚೇ ಬೇಡ. ನಾಲ್ಕೂ ಗುಂಪು ಒಂದೇ ಸಮ ಸುಧಾರಿಸಿದರೆ ಕೆಲಸ ಮಾಡಿದ್ದು ಸಿಬ್ಬಂದಿಯ ಕಾಳಜಿ. ತೊಂದರೆಯೆಂದರೆ ನಾಲ್ಕು ಗುಂಪಿಗೆ ಜನ ಬೇಕು, ದುಡ್ಡು ಬೇಕು. ಆದ್ದರಿಂದ ಕ್ಯಾಲ್ಗರಿಯವರ ಹಾಗೆ ಎರಡೇ ಗುಂಪಿನಿಂದ ಶುರು ಮಾಡುವವರೇ ಹೆಚ್ಚು.

ಗುಣ ಆಯ್ತು ಅಂತ ಹೇಗೆ ಅಳೀತಾರೆ? ರಕ್ತ ಪರೀಕ್ಷೆ ಇದೆಯಾ?

ಇಲ್ಲ, ಕೇಳಿಯೇ ಅಳೆಯಬೇಕು. ಹೆಚ್ಚಾಗಿ ಬಳಸುವ ಜಾನರೀನಿಯವರ ಅಳತೆಯಲ್ಲಿ ಒಂಬತ್ತು ಲಕ್ಷಣ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು, ಒಟ್ಟು 36. ಕಳೆದ ಒಂದು ವಾರದ್ದನ್ನು ಕೇಳುತ್ತಾರೆ. ಸಂದರ್ಶನಕ್ಕೆ ಬಂದ ದಿನ ಯಾರಾದರೂ ಪ್ರೀತಿಯಿಂದ ಮಾತಾಡಿಸಿದ್ದರೆ ಇಡೀ ವಾರವೇ ಚೆನ್ನಾಗಿತ್ತೆಂಬ ಉತ್ತರ ಬರುವುದುಂಟು. ಫೋನಿನಲ್ಲಿ ದಿನಕ್ಕೆ ಹಲವು ಸಲ ಕೇಳಿ ಬರೆಸುವುದು ಇದಕ್ಕಿಂತ ವಾಸಿ ಎಂದು ನನ್ನ ಅನಿಸಿಕೆ.

ಸಾಯೋ ಯೋಚನೆ ಬರೋರನ್ನ ಸೇರಿಸಿಕೊಳ್ಳಲ್ಲವಂತೆ. ಬಿಪಿಡಿ ಇರೋರಿಗೆ ಅದು ಬರದೇ ಇರುತ್ತಾ?

ನಿಮ್ಮ ಕೋಪ ನ್ಯಾಯವೇ. ಯೋಚನೆ ಬಂದವರನ್ನೆಲ್ಲ ಹೊರಗಿಟ್ಟರೆ ಒಳಗುಳಿಯುವವರು ನಿಜವಾದ ರೋಗಿಗಳಂತಿರುವುದಿಲ್ಲ. ಬಿಪಿಡಿಯ ಪ್ರಯೋಗ ಎಂದಮೇಲೆ ಯೋಚನೆ ಇರುವವರನ್ನು ಸೇರಿಸಿಕೊಂಡು, ಪ್ರತಿ ಭೇಟಿಯಲ್ಲೂ ಕೇಳಿ, ಕಷ್ಟದ ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಮೊದಲೇ ಬರೆದುಕೊಡುವ ವ್ಯವಸ್ಥೆ ಇರಬೇಕು. ಈ ಗಳಿಗೆಯಲ್ಲೇ ಕಷ್ಟವಾಗುತ್ತಿದ್ದರೆ ಪ್ರಯೋಗಕ್ಕೆ ಕಾಯಬೇಡಿ: ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿಯೂ, ಕನ್ನಡದಲ್ಲೂ ಮಾತಾಡುತ್ತಾರೆ.

ನಮ್ಮೂರಲ್ಲಿ ಡಿಬಿಟಿ ಮಾಡೋರೇ ಇಲ್ಲ. ಅದನ್ನು ಬಿಟ್ಟು ಇದಕ್ಕೇ ಕಾದುಕೊಂಡು ಕೂರಲಾ?

ಕಾಯಬೇಡಿ. ಮಾರ್ಷಾ ಲೈನ್‌ಹಾನ್ 1991ರಲ್ಲಿ ಪರೀಕ್ಷಿಸಿ ತೋರಿಸಿದ ಡಿಬಿಟಿಗೆ (ಭಾವನೆ ಹತೋಟಿಗೆ ತರುವುದನ್ನು ಮಾತಿನ ಮೂಲಕ ಕಲಿಸುವ ಚಿಕಿತ್ಸೆ) ಇರುವಷ್ಟು ಸಾಕ್ಷ್ಯ ಯಾವ ಯಂತ್ರಕ್ಕೂ ಬಿಪಿಡಿಯಲ್ಲಿ ಇಲ್ಲ. ಟೊರಾಂಟೊದಲ್ಲಿ 180 ಜನರನ್ನು ಒಂದು ವರ್ಷ ಡಿಬಿಟಿಗೂ, ಬಿಪಿಡಿ ಬಲ್ಲ ಮನೋವೈದ್ಯರು ವಾರಕ್ಕೊಮ್ಮೆ ಶಿಸ್ತಾಗಿ ನೋಡುವ ಚಿಕಿತ್ಸೆಗೂ ಹಂಚಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿತ್ತು. ಅಂದರೆ ಡಿಬಿಟಿ ಎಂಬ ಬೋರ್ಡ್ ಇಲ್ಲದ ಊರಿನಲ್ಲೂ ದಾರಿ ಇದೆ. ಮಿಡಿತ ಮತ್ತು ಮಾತ್ರೆ ಸೇರಿ ಮಿದುಳನ್ನು ಕಲಿಯುವುದಕ್ಕೆ ಹದ ಮಾಡುವುದೇ ಆದರೆ, ಹದವಾದ ನೆಲಕ್ಕೆ ಬೀಜ ಹಾಕುವವರು ಆಗಲೂ ಬೇಕು.

ಟ್ರಯಲ್‌ಗೆ ಸೇರುವ ಮುಂಚೆ ಏನೇನು ಕೇಳಬೇಕು?

ಭಾರತದಲ್ಲಾದರೆ ಮೊದಲು ಇಂಥ ಪ್ರಯೋಗಗಳನ್ನು ದಾಖಲಿಸುವ ಪಟ್ಟಿಯ, ಅಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್‌ನಿಂದ ಇದು ಕಡ್ಡಾಯ. ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಒಪ್ಪಿಗೆ ಪತ್ರದಲ್ಲಿ ಇರಬೇಕು, ಆ ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿರಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ ಸಿಗಬೇಕೆಂದು 2019ರ ನಿಯಮಗಳಿವೆ. ಪ್ರಯೋಗದ ಖರ್ಚನ್ನು ರೋಗಿಯಿಂದ ವಸೂಲು ಮಾಡುವಂತಿಲ್ಲ. “ಹೊಸ ಪ್ರಯೋಗ, ಮೂವತ್ತು ಸೆಷನ್ ಪ್ಯಾಕೇಜ್, ಡಿಸ್ಕೌಂಟ್ ಇದೆ” ಎಂದರೆ ಎದ್ದು ಬನ್ನಿ.

ನಡುವೆ ಬಿಟ್ಟು ಬಂದ್ರೆ ಡಾಕ್ಟರ್ ಬೇಜಾರು ಮಾಡ್ಕೊಳ್ತಾರಾ?

ಮಾಡಿಕೊಂಡರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಕಾರಣ ಹೇಳಬೇಕೆಂದೂ ಇಲ್ಲ. ಬಿಪಿಡಿ ಇರುವವರು ಈ ಪ್ರಶ್ನೆ ಕೇಳುವಾಗ ದನಿಯೇ ಸಣ್ಣದಾಗುತ್ತದೆ. ಆದ್ದರಿಂದ ಸೇರುವ ದಿನವೇ, ಬಿಡುವ ದಿನ ಯಾರ ಹತ್ತಿರ ಏನು ಹೇಳಬೇಕೆಂದು ಕೇಳಿ ಬರೆದಿಟ್ಟುಕೊಳ್ಳಿ.

ನಾನು ಯಾವ ಗುಂಪಲ್ಲಿದ್ದೆ ಅಂತ ಕೊನೆಗಾದ್ರೂ ಹೇಳ್ತಾರಾ?

ಸಾಮಾನ್ಯವಾಗಿ ಕೊನೆಯ ರೋಗಿಯ ಕೊನೆಯ ಭೇಟಿ ಮುಗಿದ ಮೇಲೆ. ಅದಕ್ಕೆ ವರ್ಷವೇ ಹಿಡಿಯಬಹುದು. ಕೆಲವು ಕಡೆ ಸುಳ್ಳು ಕಾಯಿಲ್ ಸಿಕ್ಕವರಿಗೆ ಆಮೇಲೆ ನಿಜವಾದದ್ದನ್ನು ಕೊಡುತ್ತಾರೆ, ಕೆಲವು ಕಡೆ ಕೊಡುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಈ ಸಾಲು ಇದೆಯೋ ಇಲ್ಲವೋ ಹುಡುಕಿ, ಇಲ್ಲದಿದ್ದರೆ ಸಹಿ ಹಾಕುವ ಮೊದಲು ಬರೆಸಿಕೊಳ್ಳಿ.